ಬಜೆ, ಕರ್ಪೂರ, ಎಣ್ಣೆ ನೀರು: ಏಳನೇ ತಿಂಗಳ ಮಗಳ ಜೊತೆ ಹೊರನಾಡಿಗೆ ಹೊರಡುವ ಮುಂಚೆ

ಪ್ರಶ್ನೆ: ನಮ್ಮ ಮಗಳಿಗೆ ಈಗಷ್ಟೇ ಆರು ತಿಂಗಳು ತುಂಬಿದೆ. ಇಲ್ಲಿಯವರೆಗೆ ಬರೀ ಎದೆಹಾಲು. ಆದಷ್ಟು ಮಾತ್ರೆ, ಸಿರಪ್ ಇಲ್ಲದೆ ಸಹಜವಾಗಿ ಬೆಳೆಸಬೇಕು ಅಂತ ನನ್ನಾಸೆ. ನಮ್ಮತ್ತೆ ವಾರಕ್ಕೊಮ್ಮೆ ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯ್ದು ನೆಕ್ಕಿಸುತ್ತಾರೆ. ಶೀತ ಆದರೆ ದೊಡ್ಡಪತ್ರೆ ರಸಕ್ಕೆ ಜೇನು ಬೆರೆಸಿ ಕೊಡೋಣ, ಎದೆಗೆ ಕರ್ಪೂರ ಕರಗಿಸಿದ ಕೊಬ್ಬರಿ ಎಣ್ಣೆ ಹಚ್ಚೋಣ ಅನ್ನುತ್ತಾರೆ. ಇದರಲ್ಲಿ ಯಾವುದು ಇರಲಿ, ಯಾವುದು ಬೇಡ? ಇನ್ನೊಂದು ವಿಷಯ. ಫೆಬ್ರವರಿಯಲ್ಲಿ ಅನ್ನಪ್ರಾಶನಕ್ಕೆ ಹೊರನಾಡಿಗೆ ಹೋಗಿ, ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೂ ಹೋಗಿಬರುವ ಯೋಚನೆ ಇದೆ. ಬೆಂಗಳೂರಿನಿಂದ ನಮ್ಮದೇ ಕಾರು. ಇಷ್ಟು ಚಿಕ್ಕ ಮಗುವನ್ನು ಕರೆದುಕೊಂಡು ಹೋಗಬಹುದಾ? ಜೊತೆಗೆ ಏನೇನು ಇಟ್ಟುಕೊಳ್ಳಬೇಕು?

ಉತ್ತರ: ಹೋಗಿ ಬನ್ನಿ. ಏಳನೇ ತಿಂಗಳಲ್ಲಿರುವ, ಚೆನ್ನಾಗಿ ಹಾಲು ಕುಡಿಯುವ, ತೂಕ ಏರುತ್ತಿರುವ ಮಗುವಿಗೆ ಹೊರನಾಡು ದೂರದ ಊರಲ್ಲ. ಇನ್ನೂ ಎದೆಹಾಲು ಕುಡಿಯುವ ಮಗುವನ್ನು ಕರೆದುಕೊಂಡು ಹೋಗುವುದು ಎರಡು ವರ್ಷದ ಮಗುವಿನ ಜೊತೆ ಹೋಗುವುದಕ್ಕಿಂತ ಸುಲಭ. ಅಂಗಡಿ ಕಂಡಲ್ಲೆಲ್ಲ ಕೈ ಚಾಚುವುದಿಲ್ಲ, ಓಡಿಹೋಗುವುದಿಲ್ಲ, ಊಟ ನಿಮ್ಮ ಹತ್ತಿರವೇ ಇರುತ್ತದೆ. ಘಾಟಿಯಲ್ಲಿ ವಾಂತಿ ಮಾಡುತ್ತದೆ ಅನ್ನುವ ಭಯವೂ ಅಷ್ಟಾಗಿ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ತಿರುವು ರಸ್ತೆಯಲ್ಲಿ ತಲೆ ಸುತ್ತುವುದು ಅಪರೂಪ.

ಆದರೆ ನಿಮ್ಮ ಮೊದಲ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಎರಡನೆಯದಕ್ಕೆ ಅರ್ಧ ಉತ್ತರ ಅದರಲ್ಲೇ ಇದೆ.

ನಿಮ್ಮ ಅತ್ತೆ ಹೇಳಿದ್ದೆಲ್ಲ ತಪ್ಪು ಅಂತ ನಾನು ಹೇಳುವುದಿಲ್ಲ. ಬಾಣಂತನ ಮಾಡಿ, ಮಗುವಿಗೆ ದಿನಾ ಎಣ್ಣೆ ಹಚ್ಚಿ ನೀರು ಹಾಕಿ, ಕಾಲ ಮೇಲೆ ಮಲಗಿಸಿಕೊಂಡು ಮಾತಾಡಿಸುವ ಅಜ್ಜಿ ಇರುವ ಮನೆ ಈಗ ಎಷ್ಟಿವೆ ಹೇಳಿ? ನಾನು ಆಸ್ಪತ್ರೆಗೆ ಬರುವ ತಾಯಂದಿರಿಗೆ ಒಂದೇ ಲೆಕ್ಕ ಹೇಳಿಕೊಡುತ್ತೇನೆ. ಮಗುವಿನ ಮೈ ಮೇಲೆ ಕೈಯಿಂದ ಮಾಡುವ ಆರೈಕೆ ಬಹುಪಾಲು ಒಳ್ಳೆಯದು, ಧಾರಾಳವಾಗಿ ಮಾಡಿ. ಬಾಯಿ, ಮೂಗು, ಕಣ್ಣು, ಕಿವಿ ಒಳಗೆ ಹೋಗುವ ಯಾವುದಕ್ಕೂ ಒಂದು ವರ್ಷದವರೆಗೆ ಕೈ ತಡೆಯಿರಿ. ಎದೆಹಾಲು, ಮನೆಯ ಮೆತ್ತಗಿನ ಊಟ, ಡಾಕ್ಟರ್ ಬರೆದ ಔಷಧಿ ಬಿಟ್ಟು ಬೇರೆ ಏನೂ ಒಳಗೆ ಹೋಗಬಾರದು. ಹಳೆಯ ಪದ್ಧತಿಯ ಚೆಂದವೆಲ್ಲ ಉಳಿಯುತ್ತದೆ, ಅಪಾಯ ಮಾತ್ರ ಹೊರಗೆ ಉಳಿಯುತ್ತದೆ.

ಬಜೆಯ ವಿಷಯಕ್ಕೆ ಬರೋಣ. ತೇಯುವ ಕಲ್ಲನ್ನು ಒಮ್ಮೆ ಹತ್ತಿರದಿಂದ ನೋಡಿ. ಎದೆಹಾಲೋ ನೀರೋ ನಾಲ್ಕು ಹನಿ ಬಿಟ್ಟು, ಬಜೆ ಕೊಂಬನ್ನು ಒಂದು ಸುತ್ತು, ಜಾಯಿಕಾಯಿ ಒಂದು ಸುತ್ತು, ಅಳಲೆಕಾಯಿ ಎರಡು ಸುತ್ತು ಅಂತ ತೇಯುತ್ತಾರೆ ಅಲ್ವಾ? ಆ ಒಂದು ಸುತ್ತಿನಲ್ಲಿ ಎಷ್ಟು ಬಂತು ಅನ್ನುವುದು ಕಲ್ಲಿನ ಒರಟು, ಕೈಯ ಒತ್ತಡ, ಕೊಂಬು ಹಳೆಯದೋ ಹೊಸದೋ ಅನ್ನುವುದರ ಮೇಲೆ ನಿಂತಿದೆ. ಇವತ್ತಿನ ಸುತ್ತು ಬೇರೆ, ನಾಳೆಯದು ಬೇರೆ. ಏಳು ಕೆಜಿ ಮಗುವಿಗೆ ಆ ವ್ಯತ್ಯಾಸ ದೊಡ್ಡದು. ಬಜೆಯಲ್ಲಿ ಬೀಟಾ ಅಸರೋನ್ ಅನ್ನುವ ಅಂಶ ಇದೆ. ಅದರ ವಿಷಗುಣ ಕಂಡುಬಂದ ಮೇಲೆ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸಬಾರದು ಅಂತ ನಿಷೇಧಿಸಿದರು. ಚಿಕ್ಕ ಮಕ್ಕಳಲ್ಲಿ ನಮಗೆ ಕಾಣುವುದು ಬಿಡದ ವಾಂತಿ. ಜಾಯಿಕಾಯಿ ಮಂಪರು ತರಿಸುತ್ತದೆ. 'ತೇಯ್ದು ಕೊಟ್ಟ ರಾತ್ರಿ ಮಗು ಚೆನ್ನಾಗಿ ಮಲಗಿತು' ಅನ್ನುವ ಮಾತಿನ ಹಿಂದೆ ಇರುವುದು ಆ ಮಂಪರು. ಅಳಲೆಕಾಯಿ ಭೇದಿ ಮಾಡಿಸುತ್ತದೆ. ಎದೆಹಾಲು ಕುಡಿಯುವ ಮಗು ನಾಲ್ಕು ದಿನ ಕಕ್ಕ ಮಾಡದಿದ್ದರೂ, ಆಮೇಲೆ ಮಾಡಿದಾಗ ಮೆತ್ತಗಿದ್ದರೆ, ಅದು ಮಲಬದ್ಧತೆಯೇ ಅಲ್ಲ. ಹೊಟ್ಟೆ ಸ್ವಚ್ಛ ಮಾಡಲು ಏನೂ ಕೊಡಬೇಕಿಲ್ಲ. ಹರಳೆಣ್ಣೆ ಕುಡಿಸುವುದಂತೂ ಖಂಡಿತ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬರುವ ನ್ಯುಮೋನಿಯಾ ಬೇಗ ವಾಸಿಯಾಗುವುದಿಲ್ಲ.

ಅತ್ತೆಗೆ ಬಜೆ ಬಿಡಲು ಮನಸ್ಸಿಲ್ಲದಿದ್ದರೆ ಬಜೆಯ ಬಳೆ ಮಾಡಿ ಕೈಗೆ ಕಟ್ಟಲಿ. ದಾರ ಗಟ್ಟಿಯಿರಲಿ, ತುಂಡುಗಳು ಬಿಚ್ಚಿ ಬಾಯಿಗೆ ಹೋಗದಂತಿರಲಿ, ಮಗು ಅದನ್ನು ಚೀಪಲು ಶುರು ಮಾಡಿದ ದಿನ ತೆಗೆದುಬಿಡಿ.

ಜೇನುತುಪ್ಪ ಒಂದು ವರ್ಷದವರೆಗೆ ಒಂದು ಹನಿಯೂ ಬೇಡ. ಇದರಲ್ಲಿ ರಾಜಿ ಇಲ್ಲ. ಎಷ್ಟೇ ಶುದ್ಧವಾದ ಕಾಡಿನ ಜೇನಾದರೂ ಅದರಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ನಮ್ಮ ಕರುಳು ಅವನ್ನು ಬೆಳೆಯಲು ಬಿಡುವುದಿಲ್ಲ. ಎಳೆ ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಬಿಡುತ್ತವೆ. ಮೊದಲು ಮಲ ಕಟ್ಟುತ್ತದೆ, ಆಮೇಲೆ ಹಾಲು ಚೀಪುವ ಶಕ್ತಿ ಕಡಿಮೆಯಾಗುತ್ತದೆ, ಕುತ್ತಿಗೆ ಜೋತು ಬೀಳುತ್ತದೆ. ಬಿಸಿ ಮಾಡಿದರೂ ಆ ಬೀಜಕಣ ಸಾಯುವುದಿಲ್ಲ. ದೊಡ್ಡಪತ್ರೆ ರಸ ಕುಡಿಸುವುದೂ ಈಗ ಬೇಡ. ಆದರೆ ನಮ್ಮ ಕಡೆ ದೊಡ್ಡಪತ್ರೆ ಎಲೆಯನ್ನು ಕಾವಲಿ ಮೇಲೆ ಬಾಡಿಸಿ ನೆತ್ತಿ ಮೇಲೆ ಇಡುವ ರೂಢಿ ಇದೆಯಲ್ಲ, ಅದನ್ನು ಮಾಡಿಕೊಳ್ಳಲಿ. ಎಲೆ ಉಗುರುಬೆಚ್ಚಗಿಗಿಂತ ಬಿಸಿ ಇರಬಾರದು ಅಷ್ಟೆ.

ಕರ್ಪೂರಕ್ಕೆ ನಾನು ತುಂಬಾ ಹೆದರುತ್ತೇನೆ. ಜನ ಇದನ್ನು ಔಷಧಿ ಅಂತಲೂ ನೋಡುವುದಿಲ್ಲ, ವಿಷ ಅಂತಲೂ ನೋಡುವುದಿಲ್ಲ, ದೇವರ ಸಾಮಾನು ಅಂತ ನೋಡುತ್ತಾರೆ. ಕರ್ಪೂರ ಚರ್ಮದಿಂದಲೂ ಒಳಗೆ ಹೋಗುತ್ತದೆ, ಉಸಿರಿನಿಂದಲೂ ಹೋಗುತ್ತದೆ. ಬಾಯಿಗೆ ಹೋದರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಶೀತಕ್ಕೆ ಹಚ್ಚುವ ಡಬ್ಬಿ ಮುಲಾಮುಗಳಲ್ಲೂ ಕರ್ಪೂರ, ನೀಲಗಿರಿ ಎಣ್ಣೆ ಇರುತ್ತದೆ. ಎರಡು ವರ್ಷದೊಳಗಿನವರಿಗೆ ಬೇಡ ಅಂತ ಡಬ್ಬಿಯ ಮೇಲೆಯೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನಿಮ್ಮ ಮಗಳು ಇನ್ನೇನು ಅಂಬೆಗಾಲಿಡುತ್ತಾಳೆ. ದೇವರ ಮನೆಯ ಕರ್ಪೂರದ ಡಬ್ಬಿ ಇವತ್ತೇ ಮೇಲಿನ ಅಲಮಾರಿಗೆ ಹೋಗಲಿ. ಸೀರೆ, ಕಂಬಳಿ ಮಧ್ಯೆ ಇಡುವ ನುಸಿಗುಳಿಗೆಯೂ ಅಷ್ಟೇ. ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುವ ಮಕ್ಕಳಲ್ಲಿ ಆ ವಾಸನೆಯ ಬಟ್ಟೆಯಿಂದಲೇ ಕೆಂಪು ರಕ್ತಕಣ ಒಡೆದು ಕಾಮಾಲೆ ಬರುತ್ತದೆ. ನೆಂಟರ ಮನೆಯಲ್ಲಿ ಟ್ರಂಕಿನಿಂದ ತೆಗೆದ ಕಂಬಳಿ ಕೊಟ್ಟರೆ ನೀವು ಹೊದೆಯಿರಿ, ಮಗುವಿಗೆ ಮನೆಯಿಂದಲೇ ಒಂದು ತೆಗೆದುಕೊಂಡು ಹೋಗಿ.

ಹಾಗಾದರೆ ಶೀತಕ್ಕೆ ಏನು ಮಾಡಬೇಕು? ಉಪ್ಪುನೀರಿನ ಮೂಗಿನ ಹನಿ. ಮೆಡಿಕಲ್ ಅಂಗಡಿಯಲ್ಲಿ ಸಲೈನ್ ನೋಸ್ ಡ್ರಾಪ್ಸ್ ಅಂತ ಕೇಳಿ. ಹಾಲು ಕೊಡುವ ಮುಂಚೆ ಮಗುವನ್ನು ತೊಡೆ ಮೇಲೆ ಮಲಗಿಸಿ, ಎರಡೂ ಹೊಳ್ಳೆಗೆ ಎರಡೆರಡು ಹನಿ ಬಿಡಿ. ಸೀನುತ್ತದೆ, ಸ್ವಲ್ಪ ಅಳುತ್ತದೆ. ಕೆಳಗೆ ಇಳಿದ ಸಿಂಬಳವನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ತಕ್ಷಣ ಹಾಲು ಕೊಡಿ. ಮೂಗು ಬಿಟ್ಟರೆ ಮಗು ಹಾಲು ಕುಡಿಯುತ್ತದೆ, ಹಾಲು ಕುಡಿದರೆ ಶೀತ ವಾರ ಹತ್ತು ದಿನದಲ್ಲಿ ತಾನಾಗೇ ಹೋಗುತ್ತದೆ. ಬಿಸಿನೀರಿನ ಹಬೆ ಹಿಡಿಯಬೇಡಿ, ಸುಟ್ಟುಕೊಂಡ ಮಕ್ಕಳನ್ನು ನೋಡಲಾಗುವುದಿಲ್ಲ. ಕೆಮ್ಮಿನ ಸಿರಪ್ ಬೇಡ ಅನ್ನುವ ನಿಮ್ಮ ಆಸೆ ಸರಿಯಾಗಿಯೇ ಇದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿದ್ದ ಸಿರಪ್ ಕುಡಿದು ಮಕ್ಕಳು ತೀರಿಕೊಂಡರು. ಆ ಸಮಯದಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ಶೀತದ ಸಿರಪ್ ಬರೆಯಲೂಬಾರದು, ಕೊಡಲೂಬಾರದು ಅಂತ ಹೇಳಿತು.

ಸಾಂಬ್ರಾಣಿ ಹೊಗೆ ಹಾಕುವುದಾದರೆ ಮಗು ಇಲ್ಲದ ಕೋಣೆಯಲ್ಲಿ ಹಾಕಲಿ. ಕೂದಲು ಒಣಗಿಸಲು ಟವೆಲ್ ಸಾಕು. ಕಣ್ಣಿಗೆ ಕಾಡಿಗೆ ಬೇಡ. ಮಾರುವ ಕೆಲವು ಕಾಡಿಗೆಗಳಲ್ಲಿ ಸೀಸ ಸಿಕ್ಕಿದೆ, ಮನೆಯಲ್ಲಿ ಮಾಡಿದ್ದಾದರೂ ಬೆರಳಿನ ಕೊಳೆ ಕಣ್ಣಿಗೆ ಹೋಗುತ್ತದೆ. ದೃಷ್ಟಿಬೊಟ್ಟು ಅಂಗಾಲಿಗೆ ಇಡಿ. ಅತ್ತೆ ದೃಷ್ಟಿ ತೆಗೆಯಲಿ, ಅದರಿಂದ ಮಗುವಿಗೆ ಏನೂ ತೊಂದರೆ ಇಲ್ಲ, ದೊಡ್ಡವರ ಮನಸ್ಸಿಗೆ ಸಮಾಧಾನ.

ಇನ್ನು ಇರಲೇಬೇಕಾದದ್ದು ಎಣ್ಣೆ ನೀರು. ಕೊಬ್ಬರಿ ಎಣ್ಣೆ ನಮ್ಮ ಹವೆಗೆ ಹೇಳಿ ಮಾಡಿಸಿದ್ದು. ಚರ್ಮದ ತೇವ ಹಿಡಿದಿಡುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ದಿನಾ ಎಣ್ಣೆ ಹಚ್ಚಿ ನೀವುವುದರಿಂದ ತೂಕ ಚೆನ್ನಾಗಿ ಏರುವುದೂ ಕಂಡುಬಂದಿದೆ. ಅತ್ತೆ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಅಂಗೈಯಲ್ಲಿ ಬೆಚ್ಚಗಾದ ಎಣ್ಣೆಯಿಂದ ಎದೆಯಿಂದ ಭುಜಕ್ಕೆ, ತೊಡೆಯಿಂದ ಪಾದಕ್ಕೆ ನಿಧಾನಕ್ಕೆ ನೀವಲಿ. ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ನೀವಿ, ಕಾಲು ಮಡಿಸಿ ಬಿಚ್ಚಿದರೆ ಗ್ಯಾಸ್ ಇಳಿಯುತ್ತದೆ. ಮೂಗು ಎಳೆಯುವುದು, ನೆತ್ತಿ ಒತ್ತುವುದು, ಎದೆಯ ತೊಟ್ಟು ಹಿಂಡುವುದು, ಕಿವಿ ಮೂಗಿಗೆ ಎಣ್ಣೆ ಬಿಡುವುದು, ಊದುವುದು ಇವಷ್ಟನ್ನು ಬಿಡಲಿ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಲಿ. ಒರಟು ಕಡಲೆಹಿಟ್ಟು ಹಾಕಿ ಕೂದಲು ಹೋಗುವ ಹಾಗೆ ಉಜ್ಜಬೇಡಿ. ಹುಟ್ಟುಗೂದಲು ತಾನಾಗೇ ಉದುರುತ್ತದೆ.

ಸಹಜ ಅನ್ನುವ ಹೆಸರಿನಲ್ಲಿ ಬಿಡಬಾರದ ಎರಡು ಮೂರು ವಿಷಯ ಇವೆ. ಬೆಳಗಿನ ಎಳೆಬಿಸಿಲು ಕಾಯಿಸಿದರೆ ವಿಟಮಿನ್ ಡಿ ಸಿಗುತ್ತದೆ ಅಂತ ನಂಬಿದ್ದೇವೆ. ಅಷ್ಟು ಬೇಗಿನ ಬಿಸಿಲಿನಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಕಿರಣಗಳು ತೀರಾ ಕಡಿಮೆ. ಎದೆಹಾಲಿನಲ್ಲೂ ಅದು ಕಡಿಮೆ. ಹಾಗಾಗಿ ಒಂದು ವರ್ಷದವರೆಗೆ ದಿನಕ್ಕೆ 400 ಐಯು ಹನಿ ಬೇಕೇ ಬೇಕು. ಆರು ತಿಂಗಳಿಗೆ ಹೊಟ್ಟೆಯಲ್ಲಿದ್ದಾಗ ಕೂಡಿಟ್ಟುಕೊಂಡ ಕಬ್ಬಿಣಾಂಶವೂ ಮುಗಿಯುತ್ತಾ ಬರುತ್ತದೆ. ಸರ್ಕಾರದ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ 2 ಸಲ 1 ಎಂಎಲ್ ಕಬ್ಬಿಣದ ಸಿರಪ್ ಇದೆ. ಆಶಾ ಕಾರ್ಯಕರ್ತೆಯನ್ನೋ ನಿಮ್ಮ ಡಾಕ್ಟರನ್ನೋ ಕೇಳಿ. ಲಸಿಕೆಗಳ ಬಗ್ಗೆ ನೀವು ಬರೆದಿಲ್ಲ. ತಾಯಿ ಕಾರ್ಡ್ ತೆಗೆದು 6, 10, 14 ವಾರದ್ದು ಮೂರೂ ಆಗಿದೆಯಾ ನೋಡಿ. ಏನಾದರೂ ಬಾಕಿ ಇದ್ದರೆ ಹೊರಡುವ ವಾರಕ್ಕಿಂತ ಮುಂಚೆ ಹಾಕಿಸಿ. ಲಸಿಕೆ ಹಾಕಿಸಿದ ಮರುದಿನದ ಜ್ವರವನ್ನು ದಾರಿಯಲ್ಲಿ ಅನುಭವಿಸುವುದು ಬೇಡ.

ಈಗ ಅನ್ನಪ್ರಾಶನ. ಶಾಸ್ತ್ರ ಆಗುವವರೆಗೆ ಅನ್ನ ಮುಟ್ಟಿಸಬಾರದು ಅಂತ ಹಲವು ಮನೆಗಳಲ್ಲಿ ಕಾಯುತ್ತಾರೆ. ಆರು ತಿಂಗಳು ತುಂಬಿದೆ ಅಂದಮೇಲೆ ಕಾಯಬೇಡಿ. ಅನ್ನಕ್ಕೆ ಶಾಸ್ತ್ರ ಬೇಕು ಅಂದರೆ ಅನ್ನವನ್ನು ಬಿಟ್ಟು ರಾಗಿಯಿಂದ ಶುರು ಮಾಡಿ. ರಾಗಿ ತೊಳೆದು ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹಸಿ ವಾಸನೆ ಹೋಗುವ ಹಾಗೆ ಹುರಿದು ಬೀಸಿ, ವಸ್ತ್ರಗಾಲಿತ ಮಾಡಿಟ್ಟುಕೊಂಡರೆ ಸರಿ ಹಿಟ್ಟು ತಯಾರು. ಮೊಳಕೆ ಬಂದ ರಾಗಿ ಕಾಯಿಸಿದಾಗ ಗಂಜಿ ತೆಳ್ಳಗಿರುತ್ತದೆ, ಹಾಗಾಗಿ ಅದೇ ನೀರಿಗೆ ಜಾಸ್ತಿ ಹಿಟ್ಟು ಹಿಡಿಯುತ್ತದೆ. ಚಿಕ್ಕ ಹೊಟ್ಟೆಗೆ ಅದೇ ಲಾಭ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಬೆಲ್ಲ, ಸಕ್ಕರೆ, ಉಪ್ಪು ಒಂದು ವರ್ಷದವರೆಗೆ ಬೇಡ. ಅರ್ಧ ಚಮಚ ತುಪ್ಪ ಹಾಕಿ. ಎರಡು ಚಮಚದಿಂದ ಶುರು ಮಾಡಿ, ಎಂಟು ತಿಂಗಳಾಗುವಷ್ಟರಲ್ಲಿ ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಅರ್ಧ ಬಟ್ಟಲಿನವರೆಗೆ ಬರಲಿ. ಚಮಚ ಹಿಡಿದು ವಾಲಿಸಿದರೆ ನೀರಿನಂತೆ ಸುರಿಯಬಾರದು, ಮೆಲ್ಲಗೆ ಜಾರಬೇಕು. ಬೇಳೆಕಟ್ಟು ಅನ್ನುವ ನೀರನ್ನು ಮಾತ್ರ ಕೊಟ್ಟು ಬೇಳೆಯನ್ನು ನೀವು ತಿನ್ನುವುದು ಮಗುವಿಗೆ ಅನ್ಯಾಯ. ಬೇಳೆಯನ್ನೇ ಕಿವುಚಿ ಕೊಡಿ.

ಹೊರನಾಡಿಗೆ ಹೋಗುವಷ್ಟರಲ್ಲಿ ಮಗಳಿಗೆ ಚಮಚದಲ್ಲಿ ತಿನ್ನುವುದು ರೂಢಿಯಾಗಿರುತ್ತದೆ. ಅವತ್ತು ಪಾಯಸ ತಿನ್ನಿಸುವಾಗ ಒಂದೆರಡು ಅಗುಳನ್ನು ಚೆನ್ನಾಗಿ ಹಿಚುಕಿ ನಾಲಿಗೆಗೆ ಮುಟ್ಟಿಸಿದರೆ ಶಾಸ್ತ್ರ ಆಯಿತು. ಗೋಡಂಬಿ, ದ್ರಾಕ್ಷಿ ಇಡಿಯಾಗಿ ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ಉಸಿರುಗಟ್ಟುತ್ತದೆ. ಪಂಚಾಮೃತದಲ್ಲಿ ಜೇನು ಇರುತ್ತದೆ, ತೀರ್ಥದಲ್ಲಿ ಪಚ್ಚಕರ್ಪೂರ ಇರಬಹುದು, ನೀರೂ ಕಾಯಿಸಿದ್ದಲ್ಲ. ಇವೆರಡನ್ನೂ ನೀವು ತೆಗೆದುಕೊಂಡು, ಒದ್ದೆ ಬೆರಳನ್ನು ಮಗುವಿನ ತಲೆಗೆ ಸವರಿ. ಯಾವ ಭಟ್ಟರೂ ಬೇಡ ಅನ್ನುವುದಿಲ್ಲ.

ಇನ್ನು ದಾರಿ. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ ಮೇಲೆ ಹೊರನಾಡಿಗೆ ಮುನ್ನೂರು ಕಿಲೋಮೀಟರಿಗೂ ಮೇಲಾಗುತ್ತದೆ. ಒಂದೇ ದಿನ ಮುಗಿಸುವ ಹಟ ಬೇಡ. ಹಾಸನ ಅಥವಾ ಬೇಲೂರಿನಲ್ಲಿ ರಾತ್ರಿ ಉಳಿದರೆ ಮಗುವಿಗೂ ನಿಮಗೂ ಹಿತ. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ, ಸೀಟಿನಿಂದ ಎತ್ತಿ, ಹಾಲು ಕೊಟ್ಟು, ಚಡ್ಡಿ ಬದಲಿಸಿ, ಚಾಪೆಯ ಮೇಲೆ ಸ್ವಲ್ಪ ಹೊತ್ತು ಹೊರಳಾಡಲು ಬಿಡಿ.

ಸೀಟು ಅಂದೆ. ಇಡೀ ಪತ್ರದಲ್ಲಿ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ. ಜ್ವರ, ಶೀತ, ವಾಂತಿ ಎಲ್ಲಕ್ಕಿಂತ ಈ ಪ್ರಯಾಣದಲ್ಲಿ ದೊಡ್ಡ ಅಪಾಯ ಇರುವುದು ಕಾರಿನೊಳಗೆ, ತಾಯಿಯ ಮಡಿಲಲ್ಲಿ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮಗುವನ್ನು ಕೈಯಲ್ಲಿ ಹಿಡಿದು ನಿಲ್ಲಿಸಲು ಯಾವ ತಾಯಿಗೂ ಆಗುವುದಿಲ್ಲ. ಮುಂದಿನ ಸೀಟಿನಲ್ಲಿ ಮಡಿಲಲ್ಲಿಟ್ಟುಕೊಂಡರೆ ಏರ್‌ಬ್ಯಾಗೇ ಮಗುವಿಗೆ ಬಡಿಯುತ್ತದೆ. ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಹಾಕಿದರೆ ನಿಮ್ಮ ಭಾರಕ್ಕೆ ಮಗು ನಜ್ಜುಗುಜ್ಜಾಗುತ್ತದೆ. ಮಕ್ಕಳ ಕಾರ್ ಸೀಟನ್ನು ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಕಾರಿನ ಹಿಂಭಾಗಕ್ಕೆ ಇರುವ ಹಾಗೆ ಕಟ್ಟಬೇಕು. ಬೆಂಗಳೂರಿನಲ್ಲಿ ಬಾಡಿಗೆಗೂ ಸಿಗುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಇಂಥ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡವೂ ಇದೆ. ಹೊರಡುವ ಎರಡು ವಾರ ಮುಂಚಿನಿಂದಲೇ ಮನೆಯ ಸುತ್ತ ಚಿಕ್ಕ ಚಿಕ್ಕ ಸುತ್ತು ಹೊಡೆದು ಮಗಳಿಗೆ ರೂಢಿ ಮಾಡಿಸಿ. ಅಳುತ್ತಾಳೆ ಅಂತ ಎತ್ತಿಕೊಳ್ಳಬೇಡಿ. ಕಾರು ನಿಲ್ಲಿಸಿ, ಆಮೇಲೆ ಎತ್ತಿಕೊಳ್ಳಿ. ಹಾಲು ಕುಡಿಸುವುದೂ ಕಾರು ನಿಂತಾಗಲೇ.

ಚಾರ್ಮಾಡಿ ಇಳಿಯುವಾಗ ಮಗುವಿಗೆ ಕಿವಿ ಕಟ್ಟಿದ ಹಾಗಾಗಬಹುದು. ನುಂಗಿದರೆ ಬಿಡುತ್ತದೆ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನಲು ಹೇಗೂ ನಿಲ್ಲುತ್ತೀರಿ, ಹಾಲು ಮಾತ್ರ ಆಗಲೇ ಪೂರ್ತಿ ಕೊಡಬೇಡಿ. ಸ್ವಲ್ಪ ಉಳಿಸಿಕೊಂಡು, ಘಾಟಿ ಮಧ್ಯೆ ಅಗಲ ಜಾಗ ಕಂಡಲ್ಲಿ ನಿಲ್ಲಿಸಿ ಕೊಡಿ. ಶಿವರಾತ್ರಿಯ ಆಸುಪಾಸಿನ ದಿನ ಬಿಟ್ಟುಬಿಡಿ. ಆಗ ಧರ್ಮಸ್ಥಳಕ್ಕೆ ಪಾದಯಾತ್ರೆಯಲ್ಲಿ ಹೋಗುವವರು ಚಾರ್ಮಾಡಿ ತುಂಬಾ ಇರುತ್ತಾರೆ, ದೇವಸ್ಥಾನದಲ್ಲೂ ಕಾಲಿಡಲು ಜಾಗ ಇರುವುದಿಲ್ಲ. ದಡಾರದ ಮೊದಲ ಲಸಿಕೆ ಬರುವುದು ಒಂಬತ್ತು ತಿಂಗಳಿಗೆ. ಅಲ್ಲಿಯವರೆಗೆ ಸಾಲಿನಲ್ಲಿ ಮಗುವನ್ನು ಕೈಯಿಂದ ಕೈಗೆ ಕೊಡುವುದು, ಕೆಮ್ಮುವವರು ಮುದ್ದಿಸುವುದು ಬೇಡ. ಅಪ್ಪನ ಎದೆಗೆ ಕಟ್ಟಿಕೊಂಡರೆ ಯಾರೂ ಕೇಳುವುದಿಲ್ಲ. ಮುಡಿ ಕೊಡುವುದಾದರೆ ಹೊಸ ಬ್ಲೇಡನ್ನು ನೀವೇ ತೆಗೆದುಕೊಂಡು ಹೋಗಿ, ನಿಮ್ಮ ಕಣ್ಣೆದುರೇ ಹಾಕಿಸಿ.

ಹೊರನಾಡಿನಲ್ಲಿ ಬೆಳಿಗ್ಗೆ ಚಳಿ, ಘಾಟಿ ಇಳಿದರೆ ಮಧ್ಯಾಹ್ನ ಬೆವರು ಸುರಿಯುವ ಸೆಕೆ. ದಪ್ಪ ಸ್ವೆಟರ್ ಒಂದಕ್ಕಿಂತ ತೆಳು ಹತ್ತಿ ಅಂಗಿ ಎರಡು ಮೂರು ಒಳ್ಳೆಯದು, ಒಂದೊಂದೇ ತೆಗೆಯಬಹುದು. ಕುಲಾವಿ ಹೊರಗೆ ಮಾತ್ರ, ರಾತ್ರಿ ಮಲಗುವಾಗ ತೆಗೆಯಿರಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಬೆಚ್ಚಗೆ ಮಾಡಬೇಡಿ, ಆ ಗಾಳಿ ಪ್ರಾಣ ತೆಗೆಯುತ್ತದೆ. ಸೊಳ್ಳೆಗೆ ಮಕ್ಕಳ ಪರದೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. 'ನ್ಯಾಚುರಲ್' ಅಂತ ಮಾರುವ ಎಣ್ಣೆಗಳಲ್ಲಿ ಕರ್ಪೂರ, ನೀಲಗಿರಿ ಇದೆಯಾ ಓದಿ ನೋಡಿ.

ಫೆಬ್ರವರಿ ಅಂದಿರಿ, ಹಾಗಾಗಿ ಇದನ್ನು ಹೇಳಲೇಬೇಕು. ಡಿಸೆಂಬರಿನಿಂದ ಮೇವರೆಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಜ್ವರ ಹರಡುವುದು ಉಣ್ಣೆ ಹುಳ ಕಚ್ಚಿ. ಶಿವಮೊಗ್ಗ, ಉತ್ತರ ಕನ್ನಡದ ಹಾಗೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಂಡಿದೆ. ರಸ್ತೆ, ದೇವಸ್ಥಾನ, ಊರೊಳಗಿನ ಮನೆಯಲ್ಲಿ ಇರುವವರಿಗೆ ಹೆದರಿಕೆ ಇಲ್ಲ. ಫೋಟೋ ಚೆನ್ನಾಗಿ ಬರುತ್ತದೆ ಅಂತ ಕಾಡಂಚಿನ ಒಣಗಿದ ಎಲೆ ಮೇಲೆ ಮಗುವನ್ನು ಕೂರಿಸುವುದು ಬೇಡ. ನಿಲ್ಲಿಸಿದಾಗ ಚಾಪೆಯನ್ನು ಹೋಟೆಲ್ಲಿನ ಜಗುಲಿ, ಸಿಮೆಂಟ್ ನೆಲದ ಮೇಲೆ ಹಾಸಿ. ರಾತ್ರಿ ಬಟ್ಟೆ ಬದಲಿಸುವಾಗ ಕಂಕುಳು, ತೊಡೆಸಂದು, ಕಿವಿಯ ಹಿಂದೆ ಒಮ್ಮೆ ನೋಡಿ.

ಊಟಕ್ಕೆ ಸರಿ ಹಿಟ್ಟು, ಫ್ಲಾಸ್ಕಿನಲ್ಲಿ ಕುದಿಸಿದ ನೀರು, ಏಲಕ್ಕಿ ಬಾಳೆಹಣ್ಣು ಸಾಕು. ಉಳಿಯುವ ಕಡೆ ಅಡುಗೆಮನೆಯಲ್ಲಿ ಕೇಳಿದರೆ ಸರಿ ಕಾಯಿಸಿಕೊಡುತ್ತಾರೆ, ಎರಡು ಗಂಟೆಯೊಳಗೆ ತಿನ್ನಿಸಿ, ಉಳಿದದ್ದು ಚೆಲ್ಲಿ. ಹೋಟೆಲ್ಲಿನಲ್ಲಿ ಹಬೆಯಾಡುವ ಇಡ್ಲಿಯ ಒಳಭಾಗ ಹಿಚುಕಿ ಕೊಡಬಹುದು. ಬಾಟಲಿ, ನಿಪ್ಪಲ್ ದಾರಿಯಲ್ಲಿ ತೊಳೆಯುವುದು ಕಷ್ಟ. ಬಟ್ಟಲು ಚಮಚ, ಇಲ್ಲವಾದರೆ ಅಜ್ಜಿಯ ಕಾಲದ ಬೆಳ್ಳಿ ಒಳಲೆ ಇದ್ದರೆ ಅದನ್ನೇ ತೆಗೆದುಕೊಂಡು ಹೋಗಿ. ಬಿಸಿನೀರಲ್ಲಿ ಕುದಿಸಿದರೆ ಆಯಿತು, ಮೂಲೆ ಸಂದಿ ಇಲ್ಲ.

ಔಷಧಿ ಚೀಲದಲ್ಲಿ ನಾಲ್ಕೇ ಸಾಮಾನು: ಥರ್ಮಾಮೀಟರ್, ಸಲೈನ್ ಹನಿ, ಓಆರ್‌ಎಸ್ ಪೊಟ್ಟಣ, ಪ್ಯಾರಾಸಿಟಮಾಲ್. ಓಆರ್‌ಎಸ್ ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವ ಪುಡಿ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳನ್ನು ಆ ಹೆಸರಿನಲ್ಲಿ ಮಾರಬಾರದು ಅಂತ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿತು, ಅವುಗಳ ಸಕ್ಕರೆ ಭೇದಿಯನ್ನು ಜಾಸ್ತಿಯೇ ಮಾಡುತ್ತದೆ. ದೊಡ್ಡ ಪೊಟ್ಟಣಕ್ಕೆ ಸರಿಯಾಗಿ 1 ಲೀಟರ್ ನೀರು. ಮಗುವಿಗೆ ಇಷ್ಟೇ ಸಾಕು ಅಂತ ಒಂದು ಚಿಟಿಕೆ ಪುಡಿಯನ್ನು ಲೋಟಕ್ಕೆ ಹಾಕಬೇಡಿ, ಉಪ್ಪು ಹೆಚ್ಚುಕಮ್ಮಿಯಾದರೆ ಮಿದುಳಿಗೆ ತೊಂದರೆ. ಪೂರ್ತಿ ಕಲಸಿ, 24 ಗಂಟೆ ಇಟ್ಟುಕೊಂಡು, ಉಳಿದದ್ದು ಚೆಲ್ಲಿ. ಭೇದಿಯಾದಾಗ ಚಮಚ ಚಮಚವಾಗಿ ಕೊಡಿ, ಎದೆಹಾಲು ನಿಲ್ಲಿಸಬೇಡಿ. ಪ್ಯಾರಾಸಿಟಮಾಲ್ ಲೆಕ್ಕ ಮಗುವಿನ ತೂಕದ ಮೇಲೆ, ಒಂದು ಕೆಜಿಗೆ 10ರಿಂದ 15 ಮಿಲಿಗ್ರಾಂ. ಹನಿಯ ಬಾಟಲಿಯಲ್ಲಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ, 5 ಎಂಎಲ್‌ಗೆ 125 ಮಿಲಿಗ್ರಾಂ ಅಂತ ಬರೆದಿರುವ ಸಿರಪ್‌ನಲ್ಲಿ 1 ಎಂಎಲ್‌ಗೆ 25 ಮಾತ್ರ. ಸಿರಪ್ಪಿನ ಅಳತೆಯಲ್ಲಿ ಹನಿ ಕೊಟ್ಟರೆ ನಾಲ್ಕು ಪಟ್ಟು ಹೋಯಿತು. ನಿಮ್ಮ ಡಾಕ್ಟರ್ ಹತ್ತಿರ ಇವತ್ತಿನ ತೂಕ ತೂಗಿಸಿ, ಎಷ್ಟು ಎಂಎಲ್ ಅಂತ ಬಾಟಲಿಯ ಮೇಲೆಯೇ ಬರೆಸಿಕೊಳ್ಳಿ. ಎರಡು ಡೋಸ್ ಮಧ್ಯೆ ಎಷ್ಟು ಹೊತ್ತು ಬಿಡಬೇಕು ಅನ್ನುವುದನ್ನೂ ಬರೆಸಿ.

ಔಷಧಿಗಿಂತ ನಿಮಗೆ ಬೇಕಾಗುವುದು ಉಸಿರು ಎಣಿಸುವ ರೂಢಿ. ಮಗು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ. ಹೊಟ್ಟೆ ಉಬ್ಬಿ ಇಳಿದರೆ ಒಂದು. ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟುಕೊಂಡು ಎಣಿಸಿ. ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ, ಹಾಗಾಗಿ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ. ನಿಮ್ಮ ಮಗಳ ವಯಸ್ಸಿಗೆ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ನ್ಯುಮೋನಿಯಾ ಇರಬಹುದು, ಅವತ್ತೇ ತೋರಿಸಬೇಕು. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ ಎಣಿಸುತ್ತಾ ಕೂರದೆ ಹೊರಡಿ. ಹಾಲು ಪೂರ್ತಿ ಬಿಟ್ಟರೆ, ಕುಡಿದದ್ದೆಲ್ಲ ವಾಂತಿಯಾದರೆ, ವಾಂತಿ ಹಸಿರಾಗಿದ್ದರೆ, ಕಕ್ಕದಲ್ಲಿ ರಕ್ತ ಕಂಡರೆ, ಆರೆಂಟು ಗಂಟೆ ಉಚ್ಚೆ ಮಾಡದಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ ಮನೆಮದ್ದಿನ ಮಾತೇ ಇಲ್ಲ. 108ಕ್ಕೆ ಫೋನ್ ಮಾಡಿ. ಹಾಸನದಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆ, ಮೂಡಿಗೆರೆಯಲ್ಲಿ ತಾಲ್ಲೂಕು ಆಸ್ಪತ್ರೆ, ಘಾಟಿ ಕೆಳಗೆ ಉಜಿರೆಯಲ್ಲಿ ಆಸ್ಪತ್ರೆ ಇವೆ. ಕೊಟ್ಟಿಗೆಹಾರ ದಾಟಿದ ಮೇಲೆ ಕೆಲವು ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ನಂಬರುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹೊರಡುವ ಹಿಂದಿನ ದಿನ ಜ್ವರ ಇದ್ದರೆ ಪ್ರಯಾಣ ಮುಂದಕ್ಕೆ ಹಾಕಿ. ಅನ್ನಪೂರ್ಣೇಶ್ವರಿ ಮುಂದಿನ ತಿಂಗಳೂ ಅಲ್ಲೇ ಇರುತ್ತಾಳೆ.

ಅತ್ತೆಯ ಜೊತೆ ಮಾತಾಡುವಾಗ 'ಡಾಕ್ಟರ್ ಬೇಡ ಅಂದರು' ಅಂತ ಶುರು ಮಾಡಬೇಡಿ. ಎಣ್ಣೆ ನೀರು, ಸರಿ ಹಿಟ್ಟು ಎರಡನ್ನೂ ಪೂರ್ತಿ ಅವರ ಕೈಗೇ ಕೊಡಿ, ಕಾರಿನಲ್ಲಿ ಮಗುವಿನ ಪಕ್ಕ ಅವರನ್ನೇ ಕೂರಿಸಿ. ಕಲ್ಲು, ಬಜೆ, ಕರ್ಪೂರದ ಮಾತು ಆಮೇಲೆ ಎತ್ತಿ. ಒಪ್ಪದಿದ್ದರೆ ಮುಂದಿನ ಸಲ ತೂಕ ನೋಡಿಸಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ನಿಮ್ಮ ಡಾಕ್ಟರೇ ಅವರ ಎದುರು ಕೂತು ಹೇಳಲಿ.

ವಾಪಸ್ ಬಂದ ಮೇಲೆ ಎರಡು ವಾರದೊಳಗೆ ಮನೆಯಲ್ಲಿ ಯಾರಿಗೇ ಜ್ವರ ಬಂದರೂ, ಮಗುವಿಗಾಗಲಿ ದೊಡ್ಡವರಿಗಾಗಲಿ, ಮಲೆನಾಡಿಗೆ ಹೋಗಿದ್ದೆವು, ಇಂಥ ದಿನ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ. ಬೆಂಗಳೂರಿನಲ್ಲಿ ಕೂತವರಿಗೆ ಮಂಗನ ಕಾಯಿಲೆ ಥಟ್ಟನೆ ನೆನಪಿಗೆ ಬರುವುದಿಲ್ಲ.